ಓಗೊಡದವರನ್ನು ಕರೆಯುವ ಮಾತು: ಕನ್ನಡದ ಶೋಕಭಾಷೆಯ ಚರಿತ್ರೆಯಿಂದ ಕೆಲವು ಪುಟಗಳು

ನಮ್ಮಜ್ಜಿ ತೀರಿಕೊಂಡ ದಿನ ಮಧ್ಯಾಹ್ನದ ಬಸ್ಸಿಗೆ ಅವರ ತಂಗಿ ಬಂದರು. ನಾಗಮಂಗಲ ಸೀಮೆಯ ಸಣ್ಣ ಊರು ಅದು. ಬಸ್ಸು ನಿಲ್ಲುವ ಅರಳಿಕಟ್ಟೆಯಿಂದ ನಮ್ಮ ಮನೆಗೆ ನೂರಿನ್ನೂರು ಹೆಜ್ಜೆ. ಬಸ್ಸಿಳಿದವರು ಕಟ್ಟೆಯ ಮೇಲಿದ್ದವರೊಡನೆ ಸಣ್ಣ ದನಿಯಲ್ಲಿ ಎರಡು ಮಾತಾಡಿ, ಚೀಲವನ್ನು ಕಂಕುಳಿಗೇರಿಸಿಕೊಂಡು ನಡೆದು ಬಂದರು. ಬೀದಿಯ ತಿರುವು ದಾಟಿ ಜಗಲಿಯ ಮೇಲಿದ್ದ ಅಕ್ಕ ಕಣ್ಣಿಗೆ ಬಿದ್ದದ್ದೇ ತಡ, ದನಿ ಎತ್ತಿದರು. "ಬಂದಿವ್ನಿ ಕನಕ್ಕಾ... ಬಿಸ್ಲಲ್ಲಿ ಬಂದಿವ್ನಿ... ಬಾ ಕುಂತ್ಕೊ ಅನ್ನಲ್ವಾ ಅಕ್ಕಾ... ಕಾಪಿ ಕುಡೀತೀಯಾ ಅಂತ ಕೇಳಲ್ವಾ... ನಂಗೊಂದ್ ಮಾತ್ ಹೇಳ್ದೆ ಮನಿಕ್ಕಂಬುಟ್ಟಲ್ಲಕ್ಕಾ..." ಪ್ರತಿ ಸಾಲಿನ ಕೊನೆಯ ‘ಅಕ್ಕಾ’ ಉಸಿರು ಮುಗಿಯುವವರೆಗೆ ಎಳೆದುಕೊಂಡು ಹೋಗಿ, ಇಳಿದು, ಮುಂದಿನ ಸಾಲಿಗೆ ಮತ್ತೆ ಏರುತ್ತಿತ್ತು. ಒಳಗಿದ್ದ ಹೆಂಗಸರು ಹೊರಗೆ ಬಂದು, ಅವರ ಹೆಗಲ ಮೇಲೆ ತಲೆಯಿಟ್ಟು ದನಿಗೂಡಿಸಿದರು. ಹೀಗೇ ಕಾಲು ಗಂಟೆ. ಆಮೇಲೆ ಅವರು ನಿಲ್ಲಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡು, ದಿನದ ದನಿಯಲ್ಲಿ, "ಯಾರ್‍ಯಾರ್ಗೆ ಹೇಳ್ ಕಳ್ಸಿದ್ದೀರಿ?" ಎಂದು ಕೇಳಿದರು.

ಕಾಲೇಜು ಓದುತ್ತಿದ್ದ ನನಗೆ ಆ ನಿಲುಗಡೆ ಅರ್ಥವಾಗಲಿಲ್ಲ. ಅಷ್ಟು ಬೇಗ ನಿಲ್ಲುವ ಅಳು ನಿಜವಾದದ್ದೇ ಎಂಬ ಅನುಮಾನ ಬಂತು. ಆ ಅನುಮಾನಕ್ಕೆ ನಾನು ಇಂದಿಗೂ ನಾಚುತ್ತೇನೆ. ಮುಂದೆ ಶಾಸನಗಳನ್ನೂ ಹಳಗನ್ನಡ ಕಾವ್ಯಗಳನ್ನೂ ಓದುವಾಗ ಆ ಮಧ್ಯಾಹ್ನ ಮತ್ತೆ ಮತ್ತೆ ನೆನಪಾಯಿತು. ನಮ್ಮ ಜನ ಅದನ್ನು ಬರೀ ಅಳು ಎನ್ನುವುದಿಲ್ಲ, ‘ಹಾಡಿಕೊಂಡು ಅಳುವುದು’ ಎನ್ನುತ್ತಾರೆ. ಅದಕ್ಕೊಂದು ಕಟ್ಟಿದೆ, ಆರಂಭವಿದೆ, ನಿಲುಗಡೆಯಿದೆ. ಎಲ್ಲಕ್ಕಿಂತ ಮುಖ್ಯವಾಗಿ ಅದು ಸತ್ತವರ ಬಗ್ಗೆ ಆಡುವ ಮಾತಲ್ಲ, ಸತ್ತವರೊಡನೆ ಆಡುವ ಮಾತು. ವ್ಯಾಕರಣದ ಪರಿಭಾಷೆಯಲ್ಲಿ ಹೇಳಿದರೆ ಅದರ ನೆಲೆ ಮಧ್ಯಮ ಪುರುಷ, ಅದರ ಜೀವ ಸಂಬೋಧನೆ. ಕನ್ನಡದಲ್ಲಿ ಶೋಕ ಬರಹಕ್ಕೆ ಇಳಿದ ಚರಿತ್ರೆಯನ್ನು ಈ ಒಂದು ಎಳೆ ಹಿಡಿದು ನೋಡಬಹುದು ಎಂಬುದು ನನ್ನ ವಾದ. ಬರಹ ಬಹುಕಾಲ ಸತ್ತವರನ್ನು ‘ಅವನು’, ‘ಅವಳು’ ಎಂದು ದೂರ ನಿಲ್ಲಿಸಿತು. ಗಂಟಲು ಮಾತ್ರ ‘ನೀನು’ ಎನ್ನುವುದನ್ನು ಬಿಡಲಿಲ್ಲ. ಕರೆಯುವ ಆ ದನಿ ಬರಹದೊಳಕ್ಕೆ ನುಗ್ಗಿದ ಕಡೆಯಲ್ಲೆಲ್ಲ ಕನ್ನಡ ತನ್ನ ಬಹುದೊಡ್ಡ ಶೋಕದ ಮಾತುಗಳನ್ನು ಆಡಿದೆ.

ಮೊದಲು ಪದಗಳು. ಅಳು, ಅಳಲು ಎರಡೂ ಒಂದೇ ಬೇರಿನವೆಂದು ನಮ್ಮ ಕಿವಿಗೆ ತೋರುತ್ತದೆ. ಹಳಗನ್ನಡದಲ್ಲಿ ಎರಡಕ್ಕೂ ೞಕಾರವೇ: ಅೞು, ಅೞಲ್. ಆದರೆ ನೆರೆಯ ಭಾಷೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಬೇರೊಂದು ಬೆಳಕು ಬೀಳುತ್ತದೆ. ಮಲಯಾಳದ ಅೞಲ್ ಎಂದರೆ ದುಃಖ; ತಮಿಳಿನ ಅೞಲ್ ಎಂದರೆ ಬೆಂಕಿ, ಉರಿ. ನಮ್ಮ ‘ಮರುಗು’ ಎಂಬ ಕ್ರಿಯಾಪದ ತೆಲುಗಿಗೆ ಹೋದರೆ ನೀರು ಕುದಿಯುವುದು. ಸಂಸ್ಕೃತದಿಂದ ಬಂದ ‘ಶೋಕ’ದ ಧಾತು ಶುಚ್; ಅದಕ್ಕೆ ಹೊಳೆ, ಸುಡು, ನೋಯು ಎಂಬ ಅರ್ಥಗಳಿವೆ. ವಿಧಾನಮಂಡಲದ ಕಲಾಪಪಟ್ಟಿಯಲ್ಲಿ ಇಂದಿಗೂ ಕಾಣುವ ‘ಸಂತಾಪ ಸೂಚನೆ’ಯ ಸಂತಾಪ ಎಂದರೂ ಚೆನ್ನಾಗಿ ಕಾಯುವುದು, ಬೇಯುವುದು. ಬೇರೆ ಬೇರೆ ದಾರಿಯಲ್ಲಿ ಬಂದ ಈ ಪದಗಳೆಲ್ಲ ಒಂದೇ ಒಲೆಯ ಸುತ್ತ ಕೂತಿವೆ. ಆಡುಮಾತಿಗೆ ಬಂದರೆ ಇನ್ನೂ ಸ್ಪಷ್ಟ: ಹೊಟ್ಟೆ ಉರಿಯುತ್ತದೆ, ಕರುಳು ಬೇಯುತ್ತದೆ, ಜೀವ ಒಳಗೊಳಗೇ ಕುದಿಯುತ್ತದೆ, ಮಗನನ್ನು ಕಳೆದುಕೊಂಡವಳನ್ನು ನೆರೆಯವರು ‘ಬೆಂದ ಜೀವ’ ಎನ್ನುತ್ತಾರೆ. ಬೆಂಕಿ ಆರಿದ ಮೇಲಿನ ದೀರ್ಘ ದುಃಖಕ್ಕೆ ಇನ್ನೊಂದು ಬಳಗವಿದೆ: ಕೊರಗು, ಸೊರಗು, ಬಾಡು, ಕಂದು. ಇವು ಗಿಡದ ಮಾತುಗಳು. ಸಾವಿನ ದಿನ ಬೇಯುವುದು, ಆಮೇಲೆ ವರ್ಷಗಟ್ಟಲೆ ಬಾಡುವುದು. ಶೋಕಕ್ಕೆ ಎರಡು ಹಂತಗಳಿವೆಯೆಂದು ಹೇಳಲು ಕನ್ನಡಿಗರಿಗೆ ಶಾಸ್ತ್ರ ಬೇಕಾಗಲಿಲ್ಲ, ಪದಗಳಲ್ಲೇ ಅದಿತ್ತು.

ಹಳೆಯ ವ್ಯಾಕರಣದಲ್ಲಿ ನನ್ನ ವಾದಕ್ಕೆ ಬಲ ಕೊಡುವ ಒಂದು ಸಣ್ಣ ಮಾತಿದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ಈ ಪ್ಲುತ ಬರುವುದು ಎಲ್ಲೆಲ್ಲಿ ಎಂದರೆ ದೂರದವರನ್ನು ಕರೆಯುವಾಗ, ಹಾಡುವಾಗ, ಅಳುವಾಗ. ಶಾಲೆಯಲ್ಲಿ ಇದನ್ನು ಮೂರು ಬೇರೆ ಬೇರೆ ಸಂದರ್ಭಗಳೆಂದು ಬಾಯಿಪಾಠ ಮಾಡಿದ್ದೆವು. ಅಜ್ಜಿಯ ತಂಗಿಯ ‘ಅಕ್ಕಾ’ದಲ್ಲಿ ಮೂರೂ ಒಂದಾಗಿದ್ದವು: ಅದು ಕರೆ, ಅದು ಹಾಡು, ಅದು ಅಳು. ಕರೆಸಿಕೊಂಡವರು ಎಷ್ಟು ದೂರ ಹೋಗಿದ್ದರೆಂದರೆ ಮೂರು ಮಾತ್ರೆಯೂ ಸಾಲುತ್ತಿರಲಿಲ್ಲ. ಪ್ಲುತವನ್ನು ಬರೆಯಲು ಲಿಪಿಯಲ್ಲಿ ಸರಿಯಾದ ಚಿಹ್ನೆಯೇ ಇಲ್ಲ; ಅಕ್ಷರದ ಪಕ್ಕ ಮೂರರ ಅಂಕೆ ಹಾಕಿ ಸೂಚಿಸುವುದು ವಾಡಿಕೆ. ಶೋಕದ ದನಿ ಬರಹಕ್ಕೆ ದಕ್ಕದೆ ಉಳಿಯುವುದು ಇಲ್ಲಿಂದಲೇ ಶುರು.

ಕಲ್ಲಿನ ಮೇಲೆ ಆ ದನಿ ಇಲ್ಲ. ಕರ್ನಾಟಕದುದ್ದಕ್ಕೂ ಹರಡಿರುವ ಸಾವಿರಾರು ವೀರಗಲ್ಲು, ಮಾಸ್ತಿಕಲ್ಲು, ನಿಸಿಧಿಗಲ್ಲುಗಳು ಸಾವಿನ ಬರಹಗಳೇ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನೂ ಆರ್. ಶೇಷಶಾಸ್ತ್ರಿಗಳ ‘ಕರ್ನಾಟಕದ ವೀರಗಲ್ಲುಗಳು’ ಕೃತಿಯನ್ನೂ ಓದಿದವರಿಗೆ ಈ ಲೋಕದ ಹರಹು ಗೊತ್ತಿರುತ್ತದೆ. ವೀರಗಲ್ಲಿನ ಸಾಮಾನ್ಯ ರೂಪ ಮೂರು ಅಂಕಣಗಳದು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಸುರಾಂಗನೆಯರು, ಮೇಲೆ ದೇವರ ಸನ್ನಿಧಿ. ಅಳುವವರಿಗೆ ಅಲ್ಲಿ ಅಂಕಣವಿಲ್ಲ. ಬರಹವೂ ಹಾಗೆಯೇ: ಇಂಥವನು, ಇಂಥವನ ಮಗ, ತುರುಗಳನ್ನು ಮರಳಿಸಿ ಸತ್ತ, ಸ್ವರ್ಗಕ್ಕೆ ಹೋದ. ಪೂರ್ತಿ ಪ್ರಥಮ ಪುರುಷ. ‘ಪೆಣ್ಬುಯ್ಯಲ್’ ಎಂಬ ಹಳೆಯ ಪದವೊಂದು ಈ ವೀರಲೋಕದಲ್ಲಿ ಬರುತ್ತದೆ. ಹೆಣ್ಣಿನ ಹುಯ್ಯಲು ಎಂಬುದು ಅದರ ಅಕ್ಷರಾರ್ಥ. ಆದರೆ ಅಲ್ಲಿ ಅದು ಹೆಂಗಸರ ಮೇಲೆ ನಡೆದ ದಾಳಿಗೆ, ವೀರ ಎದ್ದು ಹೋಗಬೇಕಾದ ಸಂದರ್ಭಕ್ಕೆ ಇಟ್ಟ ಹೆಸರು. ತುರುಗೋಳಿನಂತೆ ಅದೂ ಒಂದು. ಹೆಣ್ಣಿನ ಕೂಗು ಗಂಡಿನ ಕಾಳಗಕ್ಕೆ ನಿಮಿತ್ತವಾಗಿ ದಾಖಲಾಗಿದೆ. ಅವನು ಸತ್ತ ಮೇಲೆ ಎದ್ದ ಕೂಗು ದಾಖಲಾಗಿಲ್ಲ.

ಅಳುವನ್ನು ಬರೆಯದೆಯೂ ಕಲ್ಲು ಮಮತೆಯನ್ನು ಹೇಳಬಲ್ಲದು ಎಂಬುದಕ್ಕೆ ಆತಕೂರಿನ ಶಾಸನದಂಥ ಉದಾಹರಣೆ ಇನ್ನೊಂದಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಅದು, ಕಾಲ 949–50. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಡೆಯವರಿಂದ ಚೋಳ ರಾಜಾದಿತ್ಯ ಸತ್ತ ದೊಡ್ಡ ರಾಜಕೀಯ ಸುದ್ದಿ ಇದೇ ಕಲ್ಲಿನಲ್ಲಿದೆ. ಆದರೆ ಕಲ್ಲು ನಿಂತಿರುವುದು ಒಂದು ನಾಯಿಗಾಗಿ. ಗಂಗ ಬೂತುಗ ತನ್ನ ವೀರ ಮಣಲೇರನಿಗೆ ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಒಂದನ್ನೊಂದು ಕಚ್ಚಿಕೊಂಡಿರುವ ಚಿತ್ರವಿದೆ. ಕಾಳಿಯ ಬಗ್ಗೆ ಒಂದು ಕಣ್ಣೀರಿನ ಪದವೂ ಬರಹದಲ್ಲಿ ಇಲ್ಲ. ಬದಲಿಗೆ ಒಂದು ಕಟ್ಟಳೆ ಇದೆ: ಕಲ್ಲಿಗೆ ಬಿಟ್ಟ ಭೂಮಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ. ನಾನು ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ಈ ಸಾಲಿನ ಬಳಿ ತಡೆಯುತ್ತೇನೆ. ಮಣಲೇರ ಅತ್ತನೇ ಎಂದು ಶಾಸನ ಹೇಳುವುದಿಲ್ಲ. ಆದರೆ ದಿನವೂ ಉಣ್ಣುವ ಮೊದಲು ಯಾರಾದರೊಬ್ಬರು ಕಾಳಿಯನ್ನು ನೆನೆಯಲೇಬೇಕು ಎಂದು ಅವನು ಗಟ್ಟಿಮಾಡಿಕೊಂಡ. ಶೋಕ ಇಲ್ಲಿ ನಿಯಮದ ವೇಷ ತೊಟ್ಟಿದೆ.

ಟಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ 9ನೆಯ ಶತಮಾನದ ಕಲ್ಲಿನಲ್ಲಿ ಮಮತೆಯನ್ನು ಹೇಳುವ ಕೆಲಸವನ್ನು ಚಿತ್ರ ಮಾಡುತ್ತದೆ. ಸಾಯುತ್ತಿರುವ ಗಂಗ ದೊರೆ ನೀತಿಮಾರ್ಗ, ಅವನನ್ನು ಆನಿಸಿಕೊಂಡಿರುವ ಸೇವಕ ಅಗರಯ್ಯ, ಪಕ್ಕದಲ್ಲಿ ನಿಂತ ಮಗ. ಬರಹ ಬಿರುದುಗಳನ್ನು ಹೇಳುತ್ತಿದ್ದರೆ ಸೇವಕನ ಕೈ ಬೇರೇನನ್ನೋ ಹೇಳುತ್ತದೆ.

ಜೈನ ನಿಸಿಧಿಗಳ ಕಥೆ ಬೇರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ 7–8ನೆಯ ಶತಮಾನದಿಂದಲೇ ಸಮಾಧಿಮರಣದ ಬರಹಗಳ ಸಾಲೇ ಇದೆ. ‘ಸತ್ತರು’ ಎನ್ನುವ ಕಡೆ ಅಲ್ಲಿ ‘ಮುಡಿಪಿದರ್’ ಎನ್ನುತ್ತಾರೆ. ನೋಂತು ಮುಗಿಸಿದರು ಎಂಬ ಧ್ವನಿ ಅದಕ್ಕಿದೆ. ತಾವಾಗಿ ಬರಮಾಡಿಕೊಂಡ ಸಾವಿಗೆ ಅಳುವುದು ಸಲ್ಲದು ಎಂಬ ನಿಲುವು ಸ್ಪಷ್ಟ. ನಂದಿಸೇನ ಮುನಿಯ ಪ್ರಸಿದ್ಧ ಪದ್ಯಶಾಸನ ಬದುಕಿನ ಸಿರಿಯನ್ನು ಕಾಮನಬಿಲ್ಲಿಗೂ ಮಿಂಚಿಗೂ ಮಂಜಿಗೂ ಹೋಲಿಸಿ, ಮುನಿ ತಾನೇ ಅದನ್ನು ಕಂಡು ಬಿಟ್ಟು ಹೋದ ಎನ್ನುತ್ತದೆ. ಕನ್ನಡದ ಬಹು ಹಳೆಯ ಸುಂದರ ಪದ್ಯಗಳಲ್ಲಿ ಒಂದು ಅದು. ಉಳಿದವರ ನೋವಿಗೆ ಮಾತ್ರ ಅಲ್ಲಿ ಎಡೆಯಿಲ್ಲ.

ಹೀಗಿರುವಾಗ ಅದೇ ಬೆಟ್ಟದ ಮೇಲೆ, ಸವತಿಗಂಧವಾರಣ ಬಸದಿಯ ಶಾಸನವೊಂದರಲ್ಲಿ, ಒಬ್ಬ ತಾಯಿಯ ಬಾಯಿ ತೆರೆದುಕೊಳ್ಳುತ್ತದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಸುದ್ದಿ ಕೇಳಿದ ತಾಯಿ ಮಾಚಿಕಬ್ಬೆ, ಮಗಳು ಹೋದಳು, ಇನ್ನು ನಾನಿರಲಾಗದು ಎಂದು ಬೆಳಗೊಳಕ್ಕೆ ಬಂದು, ಸನ್ಯಸನ ಹಿಡಿದು, ಒಂದು ತಿಂಗಳು ಉಪವಾಸವಿದ್ದು ಮುಡಿಪಿದಳು. ಶಾಸನ ಅದನ್ನು ವ್ರತವೆಂದೇ ಬಣ್ಣಿಸುತ್ತದೆ: ಅರೆಮುಚ್ಚಿದ ಕಣ್ಣು, ಪಂಚಪದಗಳ ಜಪ, ಜಿನಸ್ಮರಣೆ. ಆದರೆ ವ್ರತಕ್ಕೆ ಕಾರಣವಾಗಿ ಕೊಟ್ಟಿರುವ ಆ ಪುಟ್ಟ ಮಾತು ಧರ್ಮಶಾಸ್ತ್ರದ್ದಲ್ಲ, ಮಗಳನ್ನು ಕಳೆದುಕೊಂಡವಳದು. ಅವಳು ಮಗಳನ್ನು ‘ನೀನು’ ಎಂದು ಕರೆಯುವುದಿಲ್ಲ, ಕಲ್ಲು ಅಷ್ಟಕ್ಕೆ ಎಡೆ ಕೊಡಲಿಲ್ಲ. ‘ನಾನು’ ಎಂಬಷ್ಟು ಹೇಳಿಕೊಳ್ಳಲು ಬಿಟ್ಟಿತು.

ಇದಕ್ಕೂ ಮೊದಲು, 1057ರ ಬೆಳತೂರಿನ ಶಾಸನದಲ್ಲಿ ಕಲ್ಲು ಇನ್ನಷ್ಟು ಬಾಯಿಬಿಟ್ಟಿತ್ತು. ಹೆಗ್ಗಡದೇವನಕೋಟೆ ಸೀಮೆಯ ಊರು ಬೆಳತೂರು. ನವಲೆನಾಡಿನ ಏಚ ಮಲ್ಲಯುದ್ಧದಲ್ಲಿ ಚೋಳ ದೊರೆಯ ಬಂಧುವನ್ನು ಕೊಂದ ತಪ್ಪಿಗೆ ತಲಕಾಡಿನಲ್ಲಿ ಕೊಲೆಯಾದ. ಅವನ ಹೆಂಡತಿ ದೇಕಬ್ಬೆ ಸುದ್ದಿ ಕೇಳಿ ಬೆಂಕಿ ಹೊಕ್ಕಳು. ಕಲ್ಲು ನಿಲ್ಲಿಸಿದವನು ಅವಳ ತಂದೆ, ನುಗುನಾಡಿನ ರವಿಗ. ಉದ್ದಕ್ಕೂ ಪದ್ಯದಲ್ಲಿರುವ ಈ ಶಾಸನ ಸತಿಯನ್ನು ಹೊಗಳುವುದು ನಿಜ. ಮಾಸ್ತಿಕಲ್ಲುಗಳ ಬಳೆತೊಟ್ಟ ಎತ್ತಿದ ಕೈಯ ಹಿಂದೆ ಎಷ್ಟು ಹೆಣ್ಣುಗಳ ಸದ್ದು ಅಡಗಿಹೋಗಿದೆ ಎಂಬುದನ್ನು ಮರೆತು ಆ ಹೊಗಳಿಕೆಯನ್ನು ಓದುವುದು ನನ್ನಿಂದಾಗದು. ಆದರೂ ಈ ಕಲ್ಲು ಉಳಿದವುಗಳಂತಿಲ್ಲ. ಬೇಡ ಮಗಳೇ ಎಂದು ತಡೆಯುವ ಹೆತ್ತವರು, ಅವರಿಗೆ ಅವಳು ಕೊಡುವ ಉತ್ತರ, ಎರಡೂ ಅಲ್ಲಿ ಮಾತುಕತೆಯಾಗಿ ಬರುತ್ತವೆ. ಮಗಳನ್ನು ಹೊಗಳಲು ನಿಲ್ಲಿಸಿದ ಕಲ್ಲಿನಲ್ಲೇ ತಂದೆ ತಾನು ಬೇಡವೆಂದು ಬೇಡಿಕೊಂಡದ್ದನ್ನೂ ಬರೆಸಿ ಇಟ್ಟ.

ಕಾವ್ಯದಲ್ಲಿ ಈ ಬಾಗಿಲನ್ನು ಪೂರ್ತಿ ತೆರೆದವನು ರನ್ನ. ಮುಧೋಳದ ಬಳೆಗಾರರ ಮನೆಯ ಹುಡುಗ, ಚಾಳುಕ್ಯ ಸತ್ಯಾಶ್ರಯನ ಆಸ್ಥಾನಕವಿ. ‘ಗದಾಯುದ್ಧ’ದಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ದುರ್ಯೋಧನ ಸಂಜಯನ ಕೈ ಹಿಡಿದು ಹೆಣಗಳ ನಡುವೆ ನಡೆಯುತ್ತಾನೆ. ದಾರಿಯಲ್ಲಿ ಒಬ್ಬೊಬ್ಬರಾಗಿ ಸಿಗುತ್ತಾರೆ: ದ್ರೋಣ, ಅಭಿಮನ್ಯು, ಮಗ ಲಕ್ಷಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಪ್ರತಿಯೊಂದು ಹೆಣದ ಮುಂದೆ ನಿಂತು ಅವನು ಮಾಡುವುದು ನಮ್ಮ ಜಗಲಿಯ ಮುಂದೆ ಅಜ್ಜಿಯ ತಂಗಿ ಮಾಡಿದ್ದನ್ನೇ: ಕರೆಯುವುದು, ಕೇಳುವುದು, ಆಕ್ಷೇಪಿಸುವುದು. ದುಶ್ಶಾಸನನಿಗೆ ಅವನು ಹೇಳುವ ಮಾತಿನ ಸಾರ ಇದು: ತಾಯ ಮೊಲೆಹಾಲನ್ನು ನಾನು ಮೊದಲು ಕುಡಿದೆ, ನೀನು ಆಮೇಲೆ, ಊಟದಲ್ಲೂ ಹಾಗೆಯೇ, ಸಾವಿನಲ್ಲಿ ಮಾತ್ರ ನೀನು ಸರದಿ ಮುರಿದೆ. ಈ ಮಾತನ್ನು ಸಾವಿರ ವರ್ಷದ ಹಿಂದಿನ ಆಸ್ಥಾನಕವಿ ಕಾವ್ಯಶಾಸ್ತ್ರದಿಂದ ಕಲಿತಿರಲಾರ. ಅಣ್ಣನ ಮುಂದೆ ತಮ್ಮ ಸತ್ತ ಯಾವುದೇ ಮನೆಯಲ್ಲಿ ಇಂದಿಗೂ ಈ ಆಕ್ಷೇಪಣೆ ಕೇಳುತ್ತದೆ: ನನಗಿಂತ ಮೊದಲು ಹೋಗಲು ನಿನಗೇನು ಅವಸರವಿತ್ತು?

ಕರ್ಣನ ಮುಂದೆ ಆ ದನಿ ಇನ್ನೂ ಆಳಕ್ಕಿಳಿಯುತ್ತದೆ. ನೀನು ಪಾಂಡವರ ಅಣ್ಣನೆಂದು ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಸಹದೇವನಿಗೆ ಗೊತ್ತು, ನನಗೂ ಗೊತ್ತಿತ್ತು ಎಂದು ದುರ್ಯೋಧನ ಹೆಣದ ಮುಂದೆ ಒಪ್ಪಿಕೊಳ್ಳುತ್ತಾನೆ. ಎಲ್ಲವನ್ನೂ ಹೇಳಿ, ಕೊನೆಗೆ ಅಂಗದ ಒಡೆಯನೇ ಎಂದು ಕರೆಯುತ್ತಾನೆ. ಆ ಸಂಬೋಧನೆ ಪದ್ಯದ ತುದಿಯಲ್ಲಿ ನಿಂತು ದೀರ್ಘವಾಗುತ್ತದೆ. ಬದುಕಿದ್ದಾಗ ಹೇಳಿದ್ದರೆ ಗೆಳೆಯ ಉಳಿಯುತ್ತಿದ್ದ, ರಾಜ್ಯ ಅವನದಾಗುತ್ತಿತ್ತು. ಹೇಳದೆ ಇಟ್ಟುಕೊಂಡದ್ದನ್ನು ಕೇಳಿಸಿಕೊಳ್ಳಲಾರದವನಿಗೆ ಹೇಳುವುದು, ಇದು ಶೋಕದ ಮಾತಿನ ಅತಿ ಕಷ್ಟದ ಕೆಲಸ. ಹೆಣದ ಮುಂದೆ ಹಾಡಿಕೊಂಡು ಅಳುವ ಹೆಂಗಸರು ಮನೆಯ ಎಷ್ಟೋ ಗುಟ್ಟುಗಳನ್ನು, ಸೊಸೆಗೆ ಮಾಡಿದ ಅನ್ಯಾಯವನ್ನು, ಕೊಡದೆ ಉಳಿಸಿಕೊಂಡ ಒಡವೆಯನ್ನು ಹೀಗೆಯೇ ಬಾಯಿಬಿಟ್ಟು ಹೇಳಿಬಿಡುತ್ತಾರೆ. ಆ ಹೊತ್ತಿನಲ್ಲಿ ಆಡಿದ್ದಕ್ಕೆ ಯಾರೂ ಲೆಕ್ಕ ಕೇಳಬಾರದೆಂಬುದು ಊರಿನ ಒಪ್ಪಂದ. ರನ್ನ ಮಾಡಿದ್ದು ಏನೆಂದರೆ ಹೆಂಗಸರಿಗೆ ಮಾತ್ರ ಇದ್ದ ಆ ಸಲಿಗೆಯನ್ನು ಸೋತ ದೊರೆಯೊಬ್ಬನಿಗೂ ಕೊಟ್ಟದ್ದು. ಬಿ.ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ಕಡೆದುಕೊಂಡಾಗ ಕಂಡದ್ದು ರುದ್ರನಾಟಕದ ನಾಯಕನನ್ನು. ನನಗೆ ಅದರ ಜೊತೆಗೇ ಜಗಲಿಯ ಮುಂದಿನ ಹೆಂಗಸೂ ಕಾಣುತ್ತಾಳೆ.

ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದ ಚಂದ್ರಮತಿಯ ಪ್ರಲಾಪ ಎಲ್ಲರಿಗೂ ಗೊತ್ತಿರುವುದರಿಂದ ಅದರ ಒಂದು ಅಂಶವನ್ನಷ್ಟೇ ಹೇಳುತ್ತೇನೆ. ಮಗ ಹಾವು ಕಚ್ಚಿ ಸತ್ತ ಸುದ್ದಿ ಬಂದರೂ ದಾಸಿಯಾದ ಅವಳು ಕೂಡಲೇ ಹೋಗುವಂತಿಲ್ಲ. ಮನೆಗೆಲಸ ಮುಗಿಯಬೇಕು. ಅಳುವುದಕ್ಕೂ ಒಡೆಯನ ಅಪ್ಪಣೆ ಬೇಕಾದ ಸ್ಥಿತಿಯನ್ನು 13ನೆಯ ಶತಮಾನದ ಕವಿ ಕಂಡು ಬರೆದ. ಕತ್ತಲ ಕಾಡಿನಲ್ಲಿ ಒಬ್ಬಳೇ ಮಗನನ್ನು ಕರೆಯುತ್ತ ಹುಡುಕುವ ಭಾಗದಲ್ಲಿ, ಇನ್ನೂ ಸಿಗದ ಮಗನಿಗೆ ಕೂಗುವ ಕರೆ ಯಾವಾಗ ಸತ್ತ ಮಗನಿಗೆ ಕೂಗುವ ಅಳುವಾಗುತ್ತದೆ ಎಂದು ಗೆರೆ ಎಳೆಯಲಾಗುವುದಿಲ್ಲ. ಪ್ಲುತದ ಬಗ್ಗೆ ವ್ಯಾಕರಣ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಶರಣರು ಬೇರೆ ದಾರಿ ಹಿಡಿದರು. ಸಾವು ಲಿಂಗದಲ್ಲಿ ಬೆರೆಯುವುದಾದ ಮೇಲೆ ಸೂತಕ ಎಲ್ಲಿಯದು? ಲಿಂಗಾಯತ ಆಚಾರ ಪಂಚಸೂತಕಗಳನ್ನು ಅಲ್ಲಗಳೆದದ್ದು ಸಾಮಾಜಿಕವಾಗಿ ದೊಡ್ಡ ಹೆಜ್ಜೆ. ‘ಲಿಂಗೈಕ್ಯ’, ‘ಶಿವೈಕ್ಯ’ ಎಂಬ ಪದಗಳು ಆ ನಿಲುವಿನಿಂದಲೇ ಬಂದವು. ಭಜನೆಯೊಂದಿಗೆ, ವಿಮಾನದಲ್ಲಿ ಕೂರಿಸಿ ಕಳಿಸಿಕೊಡುವ ಆ ಮೆರವಣಿಗೆಯನ್ನು ಉತ್ತರ ಕರ್ನಾಟಕದಲ್ಲಿ ನೋಡಿದವರಿಗೆ ಗೊತ್ತು, ಮುಂದೆ ಭಜನೆಯವರು ಹಾಡುತ್ತಿದ್ದರೂ ಹಿಂದೆ ಹೆಂಗಸರು "ಯವ್ವಾ, ಎಲ್ಲಿ ಹ್ವಾದಿ" ಎನ್ನುವುದು ನಿಲ್ಲುವುದಿಲ್ಲ. ತತ್ತ್ವಕ್ಕೂ ಕರುಳಿಗೂ ಒಂದೇ ಬೀದಿಯಲ್ಲಿ ಜಾಗವಿದೆ. ಅದೇ ಸೀಮೆಯಲ್ಲಿ ಮೊಹರಂ ಬಂದಾಗ ಹಿಂದೂ ಮುಸ್ಲಿಮರಿಬ್ಬರೂ ಕನ್ನಡದಲ್ಲಿ ರಿವಾಯತ್ ಪದಗಳನ್ನು ಹಾಡುತ್ತಾರೆ. ಅರಬ್ಬಿಯ ರಿವಾಯತ್ ಎಂದರೆ ನಿರೂಪಣೆ. 680ರಲ್ಲಿ ಕರ್ಬಲಾದ ಮರಳಿನಲ್ಲಿ ಬಿದ್ದ ಹುಸೇನರ ಸಾವು ರಾಯಚೂರು, ಕೊಪ್ಪಳ, ವಿಜಯಪುರದ ಹಳ್ಳಿಗಳಲ್ಲಿ ಅಲಾಯಿ ಕುಣಿಯ (ಮೊಹರಂನ ಬೆಂಕಿಗುಂಡಿಯ) ಸುತ್ತ ಕನ್ನಡದ ಶೋಕವಾಗಿದೆ. ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಈ ಲೋಕವನ್ನು ಕಟ್ಟಿಕೊಟ್ಟಿದೆ. ನೋಡದ ದೇಶದ, ಕಾಣದ ಕಾಲದ ಸಾವಿಗೆ ಊರಿಗೆ ಊರೇ ದನಿಗೂಡಿಸುವುದು ಕನ್ನಡದ ಶೋಕಭಾಷೆಯ ದೊಡ್ಡತನ ಎಂದೇ ನನ್ನ ಭಾವನೆ.

ಹಾಡಿಕೊಂಡು ಅಳುವ ಮಾತುಗಳು ಮಾತ್ರ ಸಂಗ್ರಹಕ್ಕೆ ಬಂದದ್ದು ಕಡಿಮೆ. 1931ರ ‘ಗರತಿಯ ಹಾಡು’ ಹಲಸಂಗಿ ಗೆಳೆಯರ ದೊಡ್ಡ ಕೆಲಸ. ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳು ಅಲ್ಲಿ ಉಳಿದುಕೊಂಡವು. ಬೀಸುವ ಹಾಡನ್ನು ಎಷ್ಟು ಸಲ ಬೇಕಾದರೂ ಹಾಡಿಸಿ ಬರೆದುಕೊಳ್ಳಬಹುದು. ಸಾವಿನ ಮನೆಯ ಹಾಡನ್ನು ಮತ್ತೊಮ್ಮೆ ಹಾಡು ಎಂದು ಕೇಳಲಾಗದು. ಸಾವಿಲ್ಲದ ಮನೆಯಲ್ಲಿ ಆ ದನಿ ತೆಗೆಯುವುದೇ ಅನಿಷ್ಟ. ಹಾಗಾಗಿ ಸಂಗ್ರಾಹಕರು ಹೊಸಿಲಾಚೆ ನಿಂತರು, ಅದು ಸರಿಯೂ ಹೌದು. ಕೊಡಗಿನಲ್ಲಿ ಸಾವಿನ ಹಾಡಿಗೆ ವಿಧಿಯ ನೆಲೆ ಇದ್ದದ್ದರಿಂದ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ಯಲ್ಲಿ (1924) ಅದಕ್ಕೂ ಜಾಗ ಸಿಕ್ಕಿತು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಊರೂರಿಗೆ ನಡೆದು ಸಾವಿನ ಸುದ್ದಿ ಮುಟ್ಟಿಸುವ, ಹೆಣದ ಮುಂದೆ ತಮಟೆ ಬಡಿಯುವ ಕೆಲಸವನ್ನು ಊರು ದಲಿತರ ಮೇಲೆ ಹೊರಿಸಿತ್ತು. ಬೇರೆಯವರ ಸಾವಿನ ಮಾತನ್ನು ತಲೆಮಾರುಗಟ್ಟಲೆ ಹೊತ್ತವರ ಸ್ವಂತ ಸಾವುಗಳಿಗೆ ಕಲ್ಲೂ ಸಿಗಲಿಲ್ಲ, ಕಾವ್ಯವೂ ಸಿಗಲಿಲ್ಲ. ಈ ಚರಿತ್ರೆ ಬರೆಯುವಾಗ ಎದುರಾಗುವ ಅತಿ ದೊಡ್ಡ ಮೌನ ಅದೇ.

ಅಚ್ಚು ಬಂದ ಮೇಲೆ ಕಲ್ಲಿನ ಭಾಷೆ ಪತ್ರಿಕೆಗೆ ಇಳಿಯಿತು. ‘ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ’, ‘ವೈಕುಂಠವಾಸಿ’, ‘ಕೈಲಾಸವಾಸಿ’, ಅರಿಸಿನ ಕಾಣದ ಅಂಚಿನ ಉತ್ತರಕ್ರಿಯೆಯ ಪತ್ರಿಕೆ, ಎಲ್ಲವೂ ಪ್ರಥಮ ಪುರುಷ, ಎಲ್ಲವೂ ಬಹುವಚನ. ಆದರೆ ನಿಧನವಾರ್ತೆಯ ಒಂದು ಸಿದ್ಧವಾಕ್ಯವನ್ನು ನಿಧಾನವಾಗಿ ಓದಿ ನೋಡಬೇಕು: ‘ಮೃತರು ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.’ ಅಗಲಿದವರು ಯಾರು? ಸತ್ತವರೇ ಕರ್ತೃ. ಬಿಟ್ಟುಹೋದದ್ದು ಅವರು, ಬಿಡಿಸಿಕೊಂಡವರು ಉಳಿದವರು. ‘ಹೇಳ್ದೆ ಮನಿಕ್ಕಂಬುಟ್ಟಲ್ಲಕ್ಕಾ’ ಎಂಬ ಆಕ್ಷೇಪ ಶಿಷ್ಟವಾದ ಉಡುಪು ತೊಟ್ಟು ದಿನವೂ ಬೆಳಿಗ್ಗೆ ಪತ್ರಿಕೆಯಲ್ಲಿ ಬರುತ್ತಿದೆ. ‘ತೀರಿಕೊಂಡರು’ ಎಂಬ ಪದದಲ್ಲೂ ಹಾಗೆಯೇ, ಋಣ ತೀರಿಸಿ ಎದ್ದು ಹೋದವರ ಚಿತ್ರವಿದೆ.

ಹೊಸ ಕಾವ್ಯದಲ್ಲಿ ಈ ಎಳೆಗೆ ಯಾರೂ ಊಹಿಸದ ತಿರುವು ಕೊಟ್ಟವರು ಬೇಂದ್ರೆ. ಹಲವು ಮಕ್ಕಳನ್ನು ಕಳೆದುಕೊಂಡ ತಂದೆ ಅವರು. ಮಗುವಿನ ಸಾವಿನ ಹೊತ್ತಿನಲ್ಲಿ ಹುಟ್ಟಿದ ‘ನೀ ಹೀಂಗ ನೋಡಬ್ಯಾಡ ನನ್ನ’ ಕವನದ ‘ನೀ’ ಸತ್ತ ಮಗುವಲ್ಲ, ಎದುರು ಕೂತಿರುವ ಅದರ ತಾಯಿ. ಅಲ್ಲಿಯವರೆಗೆ ಕನ್ನಡದ ಶೋಕ ಹೆಣದ ಕಡೆಗೆ ಮುಖ ಮಾಡಿತ್ತು. ಬೇಂದ್ರೆ ಅದನ್ನು ಬದುಕಿರುವವಳ ಕಡೆಗೆ ತಿರುಗಿಸಿದರು. ನಗೆಯಲ್ಲಿ ದುಃಖ ಮುಚ್ಚಿಡುವ ಬದಲು ಅತ್ತುಬಿಡು ಎಂದು ಗಂಡ ಹೆಂಡತಿಗೆ ಹೇಳುತ್ತಾನೆ. ಅವಳ ನೋಟವನ್ನು ತಾಳಲಾರೆ ಎಂದು ತನ್ನ ಸೋಲನ್ನೂ ಹೇಳಿಕೊಳ್ಳುತ್ತಾನೆ. ಮಗುವನ್ನು ಕರೆಯುವ ಕೂಗಿಲ್ಲ, ದೇವರನ್ನು ಬಯ್ಯುವುದಿಲ್ಲ. ಒಂದೇ ಬೆಂಕಿಯ ಎರಡು ದಡದಲ್ಲಿ ಕೂತ ಇಬ್ಬರು. ಸತ್ತವರು ಓಗೊಡುವುದಿಲ್ಲ ಎಂಬುದನ್ನು ಪೂರ್ತಿ ಒಪ್ಪಿಕೊಂಡ ಮೇಲೂ ‘ನೀ’ ಎನ್ನಲು ಒಬ್ಬರು ಬೇಕು, ಆ ಒಬ್ಬರಾದರೂ ಓಗೊಟ್ಟಾರು. ಧಾರವಾಡದ ಆಡುಮಾತಿನಲ್ಲಿ ಅದನ್ನು ಬರೆದದ್ದೂ ಆಕಸ್ಮಿಕವಲ್ಲ. ಆ ಹೊತ್ತಿಗೆ ಬೇರೆ ಕನ್ನಡ ನಾಲಗೆಗೆ ಬರುವುದೇ ಇಲ್ಲ.

ಈಚಿನ ಕಾಲದಲ್ಲಿ ಕರೆಯ ಭಾಷೆ ಬೀದಿಗೆ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ರ ಪ್ರಾಯದಲ್ಲಿ ಹೋದಾಗ ಪತ್ರಿಕೆಗಳು ರೂಢಿಯಂತೆ ಬಹುವಚನದಲ್ಲಿ ಬರೆದವು. ಅದೇ ವಾರ ಊರೂರಿನ ವೃತ್ತಗಳಲ್ಲಿ, ಆಟೋಗಳ ಹಿಂದೆ, ಹೋಟೆಲುಗಳ ಗೋಡೆಯ ಮೇಲೆ ಎದ್ದ ಫ್ಲೆಕ್ಸ್‌ಗಳು ‘ಮತ್ತೆ ಹುಟ್ಟಿ ಬಾ ಅಪ್ಪು’ ಎಂದವು. ‘ಬನ್ನಿ’ ಅಲ್ಲ, ‘ಬಾ’. ಫ್ಲೆಕ್ಸ್‌ನ ಬಗ್ಗೆ ನಮ್ಮ ವಿದ್ವತ್ತು ಮೂಗು ಮುರಿಯುತ್ತದೆ. ನಾನು ಮಾತ್ರ ಅವುಗಳ ಮುಂದೆ ನಿಂತು ಓದಿದ್ದೇನೆ, ಬರೆದುಕೊಂಡಿದ್ದೇನೆ. ಕಲ್ಲು, ತಾಮ್ರಪಟ, ಅಚ್ಚು ಯಾವುದೂ ಸಾರ್ವಜನಿಕವಾಗಿ ಬಳಸಲು ಹಿಂಜರಿದ ಏಕವಚನದ ಸಂಬೋಧನೆಯನ್ನು ಊರಿನ ಹುಡುಗರು ಹತ್ತಡಿ ಎತ್ತರದ ಅಕ್ಷರದಲ್ಲಿ ಬರೆಸಿ ನಿಲ್ಲಿಸಿದರು. ವೀರಗಲ್ಲಿನ ಜಾಗದಲ್ಲಿ ಹಾಡಿಕೊಂಡು ಅಳುವ ದನಿ ಬಂದು ನಿಂತಿತು.

ಸಮಾಧಾನ ಹೇಳಲು ಬರುವವರ ಭಾಷೆಯ ಬಗ್ಗೆಯೂ ಒಂದು ಮಾತು. ಸಾವಾದ ಮನೆಗೆ ಹೋಗಿಬರುವುದಕ್ಕೆ ಕನ್ನಡದಲ್ಲಿ ‘ಮಾತಾಡಿಸಿಕೊಂಡು ಬರುವುದು’ ಎನ್ನುತ್ತೇವೆ. ಇದು ಪ್ರೇರಣಾರ್ಥಕ ಕ್ರಿಯೆ. ಹೋದವರು ಏನು ಮಾತಾಡಬೇಕೆಂದು ಅದು ಹೇಳುವುದಿಲ್ಲ; ನೊಂದವರು ಮಾತಾಡುವಂತೆ ಮಾಡಿ ಬರಬೇಕು ಎನ್ನುತ್ತದೆ. ‘ಹೆಂಗಾಯ್ತು?’ ಎಂದು ಕೇಳುವುದೇ ಆ ಭೇಟಿಯ ಮುಖ್ಯ ಕೆಲಸ. ಬಂದ ಪ್ರತಿಯೊಬ್ಬರಿಗೂ ಮನೆಯವರು ಮೊದಲಿನಿಂದ ಹೇಳುತ್ತಾರೆ: ರಾತ್ರಿ ಚೆನ್ನಾಗಿಯೇ ಇದ್ದದ್ದು, ನೀರು ಕೇಳಿದ್ದು, ವೈದ್ಯರು ಬರುವಷ್ಟರಲ್ಲಿ ಆಗಿಹೋದದ್ದು. ಹತ್ತನೆಯ ಸಲ ಹೇಳುವ ಹೊತ್ತಿಗೆ ಕಥೆಗೊಂದು ಆಕಾರ ಬಂದಿರುತ್ತದೆ, ದನಿ ಸ್ವಲ್ಪ ಇಳಿದಿರುತ್ತದೆ. ಎದ್ದು ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನುವಂತಿಲ್ಲ. ಕನ್ನಡದ ಎಲ್ಲ ಬೀಳ್ಕೊಡುಗೆಗಳಲ್ಲೂ ಇರುವ ‘ಬರುವೆ’ ಎಂಬ ಮಾತು ಆ ಒಂದು ಮನೆಯಲ್ಲಿ ನಿಷಿದ್ಧ.

ಅಂದು ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಮಣ್ಣು ಮುಗಿಸಿ ಎಲ್ಲರೂ ಬಂದ ಮೇಲೆ ಎದುರು ಮನೆಯವರು ಫ್ಲಾಸ್ಕಿನಲ್ಲಿ ಕಾಫಿ ತಂದರು. ಅಜ್ಜಿಯ ತಂಗಿ ಜಗಲಿಯ ಕಂಬಕ್ಕೆ ಒರಗಿ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆರುವವರೆಗೂ ಹಾಗೇ ಕೂತಿದ್ದರು. ಆಮೇಲೆ ಒಂದೇ ಗುಟುಕಿಗೆ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಚೀಲ ಎತ್ತಿಕೊಂಡರು. ಅಮ್ಮ ಬಾಗಿಲವರೆಗೆ ಬಂದಳು. ಇಬ್ಬರೂ ಏನೂ ಹೇಳಲಿಲ್ಲ. ಸಂಜೆಯ ಬಸ್ಸು ಕಟ್ಟೆಯ ಬಳಿ ಹಾರ್ನ್ ಹೊಡೆಯುತ್ತಿತ್ತು.